ವೆಬ್‌ಸೈಟನ್ನು ಬರುವವರ ಕಡೆಯಿಂದ ಕಂಡವರು

ವ್ಯಾಪಾರಸ್ಥರಿಗೆ ವೆಬ್‌ಸೈಟ್ ಕಟ್ಟಿಕೊಡುವುದನ್ನು ಯಾರೂ ಒಂದು ವೃತ್ತಿಯೆಂದೇ ಒಪ್ಪದಿದ್ದ ಕಾಲದಲ್ಲಿ ಅದಕ್ಕೆ ಕೈಹಾಕಿ, ಆ ವೃತ್ತಿಗೆ ಘನತೆ ತಂದುಕೊಟ್ಟ ಕೆಲವೇ ಹಿರಿಯರಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರದು ಮುಂಚೂಣಿಯ ಸ್ಥಾನ. ಈ ಕ್ಷೇತ್ರದವರೆಲ್ಲ ಅವರನ್ನು ಗುರುತಿಸುವುದು ‘ಸುಮ್ಮನಿರಿ ಮೇಡಂ’ ಎಂಬ ಅಡ್ಡಹೆಸರಿನಿಂದ. ಅದನ್ನು ಇಟ್ಟವರು ಗ್ರಾಹಕರೇ. ಅವರ ಬಾಯಿಂದ ಆ ಮಾತು ಕೇಳಿಸಿಕೊಂಡ ದಿನ ಮುಖ ಕೆಂಪಗೆ ಮಾಡಿಕೊಂಡು ಹೋದವರು, ವರ್ಷ ಕಳೆದ ಮೇಲೆ ಅದನ್ನೇ ನೆಂಟರಿಷ್ಟರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ನಗುತ್ತಿದ್ದರು.

ಮೇಡಂ ಅವರ ವೃತ್ತಿಜೀವನ ಆರಂಭವಾದದ್ದು ಒಂದು ದೊಡ್ಡ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ. ಆ ಆಸ್ಪತ್ರೆಗೆ ವೆಬ್‌ಸೈಟ್ ಮಾಡಲು ಬಂದ ಸಂಸ್ಥೆಯವರು, ಆಡಳಿತ ಮಂಡಳಿಯ ಭಾವಚಿತ್ರಗಳನ್ನೂ ಕಟ್ಟಡದ ಇತಿಹಾಸವನ್ನೂ ಕೇಳಿ ಪಡೆದು ಹೊರಡುವಾಗ, ಕೌಂಟರಿನೊಳಗಿಂದ ಒಂದು ದನಿ ಬಂತು: “ಸ್ವಾಮಿ, ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ ಈ ಕಟ್ಟಡ ಯಾವಾಗ ಕಟ್ಟಿದ್ದು ಅಂತ ಕೇಳಿಲ್ಲ. ನಮ್ಮ ಯಜಮಾನರನ್ನ ಯಾವ ವಾರ್ಡಲ್ಲಿ ಮಲಗಿಸಿದ್ದಾರೆ, ಎಷ್ಟು ಹೊತ್ತಿಗೆ ಒಳಗೆ ಬಿಡ್ತಾರೆ, ಅದನ್ನೇ ಕೇಳೋದು.” ಸಂಸ್ಥೆಯ ಯಜಮಾನರು ಹೊಸ್ತಿಲಲ್ಲೇ ನಿಂತರು. ಮುಂದಿನ ತಿಂಗಳು ಆ ದನಿ ಅವರ ಸಂಸ್ಥೆಯಲ್ಲೇ ಕೇಳಿಸತೊಡಗಿತು.

ಆ ಆರಂಭದ ದಿನಗಳ ವೆಬ್‌ಸೈಟುಗಳನ್ನು ನೆನೆದರೆ ಇಂದು ನಗು ಬರುತ್ತದೆ. ತೆರೆದ ಕೂಡಲೇ ಸಂಗೀತ ಮೊಳಗಬೇಕು, ಅಕ್ಷರಗಳು ಕುಣಿಯಬೇಕು, ಮಾಲೀಕರು ಕುರ್ಚಿಯಲ್ಲಿ ಕುಳಿತು ಸ್ವಾಗತ ಕೋರಬೇಕು. ಪೀಠೋಪಕರಣದ ವ್ಯಾಪಾರಿಯೊಬ್ಬರ ಫೋನ್ ನಂಬರು ಒಂದು ಚಿತ್ರದ ಮೂಲೆಯಲ್ಲಿ ಸಾಸಿವೆಯಷ್ಟಾಗಿ ಅಡಗಿತ್ತು. ಬೀಗದ ಅಂಗಡಿಯೊಂದು ಬೇರೆ ಬೀದಿಗೆ ಹೋಗಿ ವರ್ಷವಾಗಿದ್ದರೂ ಹಳೆಯ ವಿಳಾಸ ಹಾಗೆಯೇ ಉಳಿದಿತ್ತು. ಕೀಲಿ ಕಳೆದುಕೊಂಡು ಮನೆಯಾಚೆ ಉಳಿದವರು ಅಲ್ಲಿಗೆ ಹೋಗಿ, ಆ ಜಾಗಕ್ಕೆ ಬಂದಿದ್ದ ದರ್ಜಿಯ ಬಾಗಿಲು ಬಡಿಯುತ್ತಿದ್ದರು. “ಮನೆಗೆ ಬಂದೋರನ್ನ ಹೊಸ್ತಿಲಲ್ಲೇ ನಿಲ್ಲಿಸಿ ತಾತ ಮುತ್ತಾತನ ಕಥೆ ಹೇಳ್ತೀರಾ? ಮೊದಲು ಒಳಗೆ ಬನ್ನಿ ಅನ್ನಿ,” ಎಂದು ಮೇಡಂ ಗದರಿದರೆ ಎಂಥ ದೊಡ್ಡ ವ್ಯಾಪಾರಿಯೂ ತಲೆ ಕೆರೆದುಕೊಳ್ಳುತ್ತಿದ್ದರು.

ಅಂಥ ಗದರಿಕೆಯ ಹಿಂದೆ ಎಂಥ ಅಂತಃಕರಣವಿತ್ತೆಂಬುದನ್ನು ಸಹೋದ್ಯೋಗಿಗಳು ಬಲ್ಲರು. ಹೆರಿಗೆ ರಜೆ ಮುಗಿಸಿ ಬಂದ ಕಿರಿಯ ಸಹೋದ್ಯೋಗಿಯೊಬ್ಬಳು ಮಗುವಿಗೆ ಹಾಲು ತೆಗೆದಿಡಲು ಜಾಗವಿಲ್ಲದೆ ಶೌಚಾಲಯಕ್ಕೆ ಹೋಗುತ್ತಿದ್ದುದನ್ನು ಕಂಡು, ತಮ್ಮ ಕೋಣೆಯ ಕೀಲಿಯನ್ನು ಅವಳ ಕೈಗಿತ್ತು, ತಾವು ಮಾತ್ರ ಮಗು ಅನ್ನ ತಿನ್ನುವವರೆಗೂ ಹಜಾರದ ಬೆಂಚಿನ ಮೇಲೆ, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡಿದರು. ಕೇಳಿದವರಿಗೆಲ್ಲ, “ಇಲ್ಲಿ ಗಾಳಿ ಚೆನ್ನಾಗಿದೆ ಕಣ್ರೀ,” ಎನ್ನುತ್ತಿದ್ದರು. ಹಜಾರಕ್ಕೆ ಒಂದು ಕಿಟಕಿಯೂ ಇರಲಿಲ್ಲ.

ಅವರ ಸೇವಾವಧಿಯಲ್ಲಿ ಎಲ್ಲರೂ ಬೆರಗಿನಿಂದ ನೆನೆಯುವ ಪ್ರಸಂಗ, ಕೃತಕ ಕೈಕಾಲು ತಯಾರಿಸುವ ಕಾರ್ಯಾಗಾರದ್ದು. ಅಣ್ಣ ತಂಗಿ ಸೇರಿ ನಡೆಸುತ್ತಿದ್ದ ಆ ಕಾರ್ಯಾಗಾರಕ್ಕೆ ಸಂಸ್ಥೆಯ ಯಜಮಾನರೇ ಮುತುವರ್ಜಿ ವಹಿಸಿ ಭವ್ಯವಾದ ವೆಬ್‌ಸೈಟ್ ಮಾಡಿಸಿದ್ದರು. ಯಂತ್ರಗಳು ತಿರುಗುವ ವಿಡಿಯೊ, ಹೊಳೆಯುವ ಲೋಹದ ಬೆರಳುಗಳು, ಒಂದಾದ ಮೇಲೊಂದು ಬಿಚ್ಚಿಕೊಳ್ಳುವ ಪುಟಗಳು. ನೋಡಿದವರೆಲ್ಲ ಶಹಬ್ಬಾಸ್ ಎಂದಿದ್ದರು. ಆದರೆ ಜನ ಬರಲಿಲ್ಲ. ಅರ್ಧದಷ್ಟು ಕೆಲಸಗಾರರನ್ನು ಬಿಡಿಸಬೇಕಾದ ಹೊತ್ತು ಬಂತು. ಅಣ್ಣ ತಂಗಿಯ ನಡುವೆ ಮಾತು ನಿಂತಿತು. ಅಣ್ಣ ಸಂಸ್ಥೆಗೇ ಬಂದು ಮೇಜು ಕುಟ್ಟಿ ಹೋದ ಮೇಲೆ ಯಜಮಾನರು ಮೇಡಂ ಅವರಿಗೆ, “ಬಣ್ಣ ಗಿಣ್ಣ ಬದಲಾಯಿಸಿ ಕೊಟ್ಬಿಡಿ,” ಎಂದರು.

ಮೇಡಂ ಬಣ್ಣದ ಗೋಜಿಗೆ ಹೋಗಲಿಲ್ಲ. ಪ್ಲಾಸ್ಟರಿನ ವಾಸನೆ ಮೂಗಿಗಡರುವ ಆ ಕಾರ್ಯಾಗಾರದ ಮಹಡಿ ಹತ್ತಿ, ಕಾಯುವ ಕೋಣೆಯ ಬೆಂಚಿನಲ್ಲಿ ಬಂದವರ ಜೊತೆ ತಾವೂ ಒಬ್ಬರಾಗಿ ಬೆಳಗಿನಿಂದ ಕುಳಿತರು. ಬೇರೆಯವರ ನೋವಿನ ಪಕ್ಕದಲ್ಲಿ ಏನೂ ಮಾಡದೆ ಕುಳಿತಿರುವುದು ಅವರಿಗೆ ಆಸ್ಪತ್ರೆಯ ಕಾಲದಿಂದಲೂ ರೂಢಿ. ಅಲ್ಲಿ ಯಾರೂ ಯಂತ್ರದ ಮಾತೆತ್ತಲಿಲ್ಲ. ನೋವಾಗುತ್ತಾ, ಮೆಟ್ಟಿಲು ಹತ್ತಬಹುದಾ, ಮೊಮ್ಮಗು ಹೆದರಿಕೊಳ್ಳಲ್ವಾ: ಇವೇ ಮಾತು.

ಪಕ್ಕದಲ್ಲಿ ಕುಳಿತವರು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಮಾಡುವಾಕೆ. ಕಾಗದ ಕತ್ತರಿಸುವ ಯಂತ್ರದಲ್ಲಿ ಬಲಗೈ ಕಳೆದುಕೊಂಡಿದ್ದರು. ಪಕ್ಕದ ಮನೆಯವರ ಬಲವಂತಕ್ಕೆ ಬಂದಿದ್ದರು.

“ಇವರ ವೆಬ್‌ಸೈಟ್ ನೋಡಿದ್ರಾ ಅಕ್ಕ?” ಎಂದು ಮೇಡಂ ಕೇಳಿದರು.

“ನೋಡ್ದೆ. ನನ್ನಂಥೋರಿಗಲ್ಲ ಅನ್ನಿಸ್ತು. ಮುಚ್ಚಿಬಿಟ್ಟೆ.”

ಆ ಮಾತು ಮೇಡಂ ಅವರ ಮನಸ್ಸಿಗೆ ನಾಟಿತು. ಕೈ ಕಳೆದುಕೊಂಡವರಿಗೆ ಕೈ ಮಾಡಿಕೊಡುವವರ ವೆಬ್‌ಸೈಟ್ ಇವರಿಗಲ್ಲವಾದರೆ ಇನ್ನಾರಿಗೆ? ಇನ್ನೊಮ್ಮೆ ತೆರೆದು ತೋರಿಸಲು ಸಾಧ್ಯವೇ, ಮನಸ್ಸಿಲ್ಲದಿದ್ದರೆ ಖಂಡಿತ ಬೇಡ ಎಂದು ವಿನಯದಿಂದ ಕೇಳಿ, ಆಕೆ ಒಪ್ಪಿದ ಮೇಲೆ ಅಣ್ಣ, ತಂಗಿ, ಸಂಸ್ಥೆಯ ಯಜಮಾನರು ಮೂವರನ್ನೂ ಕರೆಸಿದರು.

ಆಕೆ ಎಡಗೈಯಲ್ಲಿ ಮೊಬೈಲ್ ಹಿಡಿದರು. ವಿಡಿಯೊ ಮುಗಿಯುವವರೆಗೆ ಕಾದರು. ಒಳಗೆ ಹೋಗುವ ಮೆನು ಇದ್ದದ್ದು ಪರದೆಯ ಮೇಲ್ತುದಿಯ ಆಚೆ ಮೂಲೆಯಲ್ಲಿ. ಹೆಬ್ಬೆರಳು ಚಾಚಿದರು, ಎಟುಕಲಿಲ್ಲ. ಮೊಬೈಲನ್ನು ಮೊಣಕಾಲಿನ ಮೇಲಿಟ್ಟು ಒತ್ತಿದರು, ಜಾರಿತು. ಬೆಂಚಿನ ಮೇಲಿಟ್ಟು ಬಗ್ಗಿದರು. ಪುಟ ಬಿಚ್ಚಿಕೊಂಡಿತು, ಆದರೆ ಎರಡು ಬೆರಳಿನಿಂದ ಹಿಗ್ಗಿಸದೆ ಅಕ್ಷರ ಕಾಣದು. ಹಿಗ್ಗಿಸಹೋದರೆ ಮೊಬೈಲ್ ಬೆಂಚಿನ ಮೇಲೆ ಗಿರಕಿ ಹೊಡೆಯುತ್ತಿತ್ತು.

ಅಣ್ಣನಿಗೆ ತಡೆಯಲಾಗಲಿಲ್ಲ. “ಕೊಡಿಯಮ್ಮ, ನಾನು ಹಿಡ್ಕೋತೀನಿ,” ಎಂದು ಕೈ ಚಾಚಿದರು.

“ಸುಮ್ಮನಿರಿ,” ಎಂದರು ಮೇಡಂ. “ಅವರ ಮನೇಲಿ ನೀವಿರಲ್ಲ.”

ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಜೀವಮಾನವಿಡೀ ಕೈಗಳನ್ನೇ ತಯಾರಿಸಿದವರು, ಎರಡು ಕೈ ಇದ್ದವರಿಗೆ ಮಾತ್ರ ತೆರೆಯುವ ವೆಬ್‌ಸೈಟನ್ನು ತಾವು ಇಟ್ಟುಕೊಂಡಿರುವುದನ್ನು ಆ ಹೊತ್ತು ಕಣ್ಣಾರೆ ಕಂಡರು. ಬೆಂಚಿನ ತುದಿಯಲ್ಲಿ ಕುಳಿತರು. ಎಷ್ಟೋ ದಿನದ ಮೇಲೆ ತಂಗಿ ಅವರ ಹೆಗಲ ಮೇಲೆ ಕೈಯಿಟ್ಟು, “ಬಿಡೋ ಅಣ್ಣ, ಸರಿ ಮಾಡೋಣ,” ಎಂದರು. ಸಂಸ್ಥೆಯ ಯಜಮಾನರತ್ತ ತಿರುಗಿದ ಮೇಡಂ, ಗ್ರಾಹಕರ ಎದುರಿಗೇ, “ಇದನ್ನ ಬುಡಸಮೇತ ಕೀಳಬೇಕು ಸಾರ್,” ಎಂದರು. ಕೆಲಸ ಹೋದರೂ ಹೋಯಿತೆಂದು ಮನಸ್ಸು ಗಟ್ಟಿಮಾಡಿಕೊಂಡೇ ಆಡಿದ ಮಾತದು. ಯಜಮಾನರು ಆ ಮೊಬೈಲನ್ನು ಆಕೆಗೆ ಎತ್ತಿಕೊಟ್ಟು, “ಕಿತ್ತುಹಾಕಿ,” ಎಂದರು.

ಹೊಸ ವೆಬ್‌ಸೈಟಿನಲ್ಲಿ ವಿಡಿಯೊ ಇರಲಿಲ್ಲ. ಕಾಯುವ ಕೋಣೆಯ ಪ್ರಶ್ನೆಗಳು, ಅವಕ್ಕೆ ನೇರವಾದ ಉತ್ತರಗಳು. ಕೆಳಗೆ, ಯಾವ ಕೈಯ ಹೆಬ್ಬೆರಳಿಗಾದರೂ ಸಿಗುವಂತೆ, ಫೋನ್ ಮಾಡುವ ಅಗಲವಾದ ಬಟನ್.

ಈ ನಡುವೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ರಟ್ಟು ಕಟ್ಟುವಾಕೆ ಅಳತೆ ಕೊಟ್ಟು, ಕೃತಕ ಕೈ ತೊಟ್ಟು, ಕೆಲವು ದಿನ ಓಡಾಡಿ, ವಾಪಸು ತಂದುಕೊಟ್ಟರು. “ಕೈ ಚೆನ್ನಾಗಿದೆ ಕಣ್ರೀ. ಆದ್ರೆ ನಂಗೆ ಒಂದೇ ಸಾಕು ಅನ್ನಿಸ್ತಿದೆ. ತೊಟ್ಟು ನೋಡದೇ ಇದ್ದಿದ್ರೆ ಗೊತ್ತಾಗ್ತಿರಲಿಲ್ಲ,” ಎಂದು ನಗುತ್ತಲೇ ಹೋದರು. ಮೇಡಂ ಆಕೆಯ ಒಪ್ಪಿಗೆ ಪಡೆದು ಅದನ್ನೂ ಮೊದಲ ಪುಟದಲ್ಲಿ ಬರೆಸಿದರು: ಕೆಲವರಿಗೆ ಕೃತಕ ಕೈ ಬೇಡವೆನ್ನಿಸಬಹುದು, ಬನ್ನಿ, ತೊಟ್ಟು ನೋಡಿ, ಬೇಡವಾದರೆ ಬಿಟ್ಟುಹೋಗಿ.

“ನಮ್ಮ ಅಂಗಡಿಗೆ ನಾವೇ ಬೀಗ ಹಾಕಿದ ಹಾಗಾಗುತ್ತಲ್ಲ ಮೇಡಂ!” ಎಂದು ಅಣ್ಣ ಗೋಳಾಡಿದರು.

“ಇರಲಿ, ಹಾಕಿ ನೋಡೋಣ,” ಎಂದರು ಮೇಡಂ.

ಫೋನಿನ ಮೇಲೆ ಫೋನ್ ಬರತೊಡಗಿತು. ಮಾಡಿದವರಲ್ಲಿ ಬಹುಪಾಲು ಜನ ಆ ಸಾಲನ್ನೇ ಓದಿ ಧೈರ್ಯ ತಂದುಕೊಂಡವರು. ಕೆಲಸಗಾರರಲ್ಲಿ ಒಬ್ಬರನ್ನೂ ಬಿಡಿಸಬೇಕಾಗಲಿಲ್ಲ. ಅಪರಿಚಿತರ ಅಂಜಿಕೆಯನ್ನು ಅಷ್ಟು ದೂರದಿಂದ ಗುರುತಿಸಿದ ಆ ಕಣ್ಣು ಎಲ್ಲಿಂದ ಬಂತೆಂದು ಸಹೋದ್ಯೋಗಿಗಳು ಇಂದಿಗೂ ಅಚ್ಚರಿಪಡುತ್ತಾರೆ.

ನಿವೃತ್ತಿಯ ಮಾತೆತ್ತಿದಾಗ, ಇನ್ನಾದರೂ ಮನೆಯಲ್ಲಿ ಕಾಲು ಚಾಚಿ ಕೂರಬಹುದಲ್ಲ ಎಂದು ಅವರ ಅತ್ತಿಗೆ ಹೇಳಿದರಂತೆ. ಮೇಡಂ ಆಗಲೇ ಶವಸಂಸ್ಕಾರದ ವಾಹನ ಒದಗಿಸುವವರಿಗೆ ವೆಬ್‌ಸೈಟ್ ಮಾಡಿಕೊಡುವುದಾಗಿ ಮಾತು ಕೊಟ್ಟಾಗಿತ್ತು. ಅಂಥ ಕಡೆಗೆ ಯಾಕೆ ಹೋಗ್ತೀರೆಂದು ಕಿರಿಯರು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: “ಅಲ್ಲಿಗೆ ಬರೋರು ಅಳ್ತಾ ಬರ್ತಾರೆ ಕಣ್ರಪ್ಪ. ಕಣ್ಣಲ್ಲಿ ನೀರು ತುಂಬಿರುವಾಗ ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಇದುವರೆಗೂ ಯಾರೂ ನೋಡಿಲ್ಲ.”

ಅದನ್ನು ನೋಡುವುದಕ್ಕೆ ಅವರಿಗೆ ನಿಚ್ಚಳವಾದ ಕಣ್ಣೂ, ಗಟ್ಟಿಯಾದ ಕಾಲೂ, ಉದ್ದನೆಯ ಆಯುಸ್ಸೂ ಇರಲಿ.