ಅತ್ತೆ ಚೆಲ್ಲಿದ ಸೊಪ್ಪಿನ ನೀರು

೨೦೦೪ನೇ ಇಸವಿ. ಬಸವನಗುಡಿಯಲ್ಲಿ ನಮ್ಮದೊಂದು ತರಕಾರಿ ಅಂಗಡಿಯಿತ್ತು. ಸೆಕೆ ಎಂದು ಒದ್ದೆ ಗೋಣಿಚೀಲ ಹಾಸಿಕೊಂಡು ನಮ್ಮ ಅತ್ತೆ ಗಲ್ಲಾದಲ್ಲಿ ಕೂರುತ್ತಿದ್ದರು, ಸೊಪ್ಪಿನ ಬುಟ್ಟಿಗಳ ಹತ್ತಿರ ನಾನು. ಅತ್ತೆಯ ಬಾಯಿ ಅಂದರೆ ಬಾಯಿ. ಅವರ ಮಾತು ಕೇಳಲಿಕ್ಕೆಂದೇ ಬಂದು ನಿಲ್ಲುವ ಗಿರಾಕಿಗಳಿದ್ದರು.

ಅವರು ತಮಾಷೆ ಶುರು ಮಾಡಿದರೆ ನಾನು ಮಾತ್ರ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಎರಡನೇ ಹೆರಿಗೆ ಆದಮೇಲೆ ನನಗೆ ಜೋರಾಗಿ ನಕ್ಕರೆ, ಕೆಮ್ಮಿದರೆ, ಆಲೂಗಡ್ಡೆ ಮೂಟೆ ಎತ್ತಿದರೆ ಮೂತ್ರ ಹೋಗಿಬಿಡುತ್ತಿತ್ತು. ಯಾರಿಗೆ ಹೇಳಲಿ? ಗಂಡನಿಗೂ ಹೇಳಿರಲಿಲ್ಲ. "ನನ್ನ ಮಾತು ಅಂದ್ರೆ ಇವಳಿಗೆ ಅಷ್ಟಕ್ಕಷ್ಟೇ" ಎಂದು ಬೇಜಾರು ಮಾಡಿಕೊಂಡ ಅತ್ತೆ ನನ್ನ ಜೊತೆ ಮಾತೇ ಕಡಿಮೆ ಮಾಡಿದ್ದರು. ನನಗೆ ಅದೇ ದೊಡ್ಡ ಸಂಕಟ.

ಒಂದು ಬೆಳಗ್ಗೆ ಗಿರಾಕಿಯೊಬ್ಬರು ಬೆಂಡೆಕಾಯಿ ತುದಿಯನ್ನು ಒಂದೊಂದಾಗಿ ಮುರಿದು ನೋಡುತ್ತಿದ್ದರು. ಅತ್ತೆ ಗಂಭೀರವಾಗಿ, "ಇಷ್ಟು ಮುರಿದಿದೀರ, ಇರಿ ಅಮ್ಮ, ಒಗ್ಗರಣೇನೂ ಇಲ್ಲೇ ಹಾಕ್ಕೊಂಡು ಹೋಗಿ" ಅಂದರು. ಎದ್ದು ಹೋಗಲು ಪುರುಸೊತ್ತೇ ಸಿಗಲಿಲ್ಲ, ನಕ್ಕುಬಿಟ್ಟೆ. ತಿಳಿ ಹಳದಿ ಸೀರೆ ಪೂರಾ ಒದ್ದೆ. ಅಂಗಡಿ ತುಂಬ ಜನ. ಏಳಲಾರದೆ ತಲೆ ತಗ್ಗಿಸಿ ಕೂತೆ.

ಅತ್ತೆ ನನ್ನ ಮುಖ ನೋಡಿದರು. ಎದ್ದು ಬಂದವರೇ ಸೊಪ್ಪಿಗೆ ಚಿಮುಕಿಸುವ ಬಕೆಟ್ಟಿನ ನೀರನ್ನು ನನ್ನ ಮಡಿಲಿಗೆ ಚೆಲ್ಲಿಬಿಟ್ಟರು. "ಅಯ್ಯೋ, ಕೈ ಜಾರ್ತು ಕಣೇ. ಹೋಗು, ಸೀರೆ ಬದಲಾಯಿಸ್ಕೊ." ಗಿರಾಕಿಗಳು ಅವರನ್ನೇ ಬೈದರು.

ಆಮೇಲೆ ಒಳಗೆ ಬಂದು ಮೆಲ್ಲಗೆ ಹೇಳಿದರು: "ನಂಗೂ ಇದೆ. ನಿನ್ನ ಗಂಡ ಹುಟ್ಟಿದಾಗಿಂದ. ನಾನು ಗೋಣಿಚೀಲ ಒದ್ದೆ ಮಾಡ್ಕೊಂಡು ಯಾಕೆ ಕೂತ್ಕೋತೀನಿ ಅಂದ್ಕೊಂಡಿದ್ದೀಯ?"

ಇಬ್ಬರೂ ತ್ಯಾಗರಾಜನಗರದ ಲೇಡಿ ಡಾಕ್ಟರ ಹತ್ತಿರ ಹೋದೆವು. ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿಸಿದರು. ಪೂರ್ತಿ ವಾಸಿಯಾಗದಿದ್ದಾಗ ಎರಡು ದಾರಿ ಹೇಳಿದರು. ಮೂತ್ರನಾಳದ ಗೋಡೆಗೆ ಇಂಜೆಕ್ಷನ್ ಕೊಟ್ಟರೆ ಕೊಯ್ಯುವುದೇ ಬೇಡ, ಆದರೆ ಅದರ ಗುಣ ಬರಬರುತ್ತಾ ಇಳಿಯಬಹುದು, ಮತ್ತೆ ಹಾಕಿಸಬೇಕಾದೀತು. ಸಣ್ಣದಾಗಿ ಕೊಯ್ದು ನಾಳದ ಕೆಳಗೆ ಆಸರೆಗೆ ಬಲೆಯಂಥ ಟೇಪ್ ಇಟ್ಟರೆ ಹೆಚ್ಚು ಕಾಲ ಬರುತ್ತದೆ, ಆದರೆ ಅದು ಆಪರೇಷನ್ನು, ಕೆಲವರಿಗೆ ಆಮೇಲೆ ಮೂತ್ರ ಸರಾಗವಾಗಿ ಹೋಗದೆ ತೊಂದರೆ ಆಗುವುದೂ ಉಂಟು. "ನಲ್ಲಿ ವಾಷರ್ ಹೋಗಿದೆ ಅನ್ನಿ" ಎಂದರು ಅತ್ತೆ. ಡಾಕ್ಟರೂ ನಕ್ಕರು. ನಾನೂ ನಕ್ಕು ಗಾಬರಿಯಿಂದ ಕುರ್ಚಿ ನೋಡಿಕೊಂಡೆ.

ಕೊಯ್ಯಿಸಿಕೊಳ್ಳಲು ಹೆದರಿ ಅತ್ತೆ ಇಂಜೆಕ್ಷನ್ ತೆಗೆದುಕೊಂಡರು, ನಾನು ಟೇಪ್ ಹಾಕಿಸಿಕೊಂಡೆ. ನನ್ನದು ನಿಂತುಹೋಯಿತು. ಅವರದು ಎರಡು ವರ್ಷಕ್ಕೆ ಮತ್ತೆ ಶುರುವಾಯಿತು. ಇನ್ನೊಂದು ಸಲ ಹಾಕಿಸೋಣ ಬನ್ನಿ ಎಂದು ಎಷ್ಟು ಕರೆದರೂ, "ನಂಗೆ ಗೋಣಿಚೀಲ ಇದೆ ಬಿಡೇ. ನೀನು ಎದ್ದು ಹೋಗ್ದೆ ಕೂತ್ಕೋತೀಯಲ್ಲ, ಸಾಕು" ಅಂದುಬಿಟ್ಟರು.

ಅತ್ತೆ ಈಗಿಲ್ಲ. ಗಲ್ಲಾದಲ್ಲಿ ನಾನು ಕೂರುತ್ತೇನೆ. ಯಾರಾದರೂ ಬೆಂಡೆಕಾಯಿ ತುದಿ ಮುರಿಯುತ್ತಾ ನಿಂತರೆ ಒಗ್ಗರಣೆ ನೆನಪಾಗಿ ಒಬ್ಬಳೇ ನಗುತ್ತೇನೆ. ಸೀರೆಗೆ ಏನೂ ಆಗುವುದಿಲ್ಲ. ಕಣ್ಣು ಒದ್ದೆಯಾಗುತ್ತದೆ.