ಅಭ್ಯಾಸಕ್ಕೆಂದು ಗೆದ್ದ ವಾದ

ಅಕ್ಕ, ನೀನು ಕೌನ್ಸೆಲಿಂಗ್ ಬಿಟ್ಟದ್ದು ನನ್ನಿಂದ. ಅಮ್ಮ ಕಾರಣ ಕೇಳಿದಾಗ "ಅವಳಿಗದು ಹಿಡಿಸ್ಲಿಲ್ಲಮ್ಮ" ಎಂದವನೂ ನಾನೇ. ಎರಡು ವರ್ಷದಿಂದ ಮನೆಯಲ್ಲಿ ಆ ಸುಳ್ಳೇ ನಡೆಯುತ್ತಿದೆ.

ಖಿನ್ನತೆಯಿಂದ ಶಾಲೆಯ ಕೆಲಸ ಬಿಟ್ಟು ನೀನು ಮನೆಯಲ್ಲಿದ್ದ ದಿನಗಳು. ಜಯನಗರದ ಕೌನ್ಸೆಲರ್ ಮೇಡಂ ಒಂದು ಅಭ್ಯಾಸ ಕೊಟ್ಟಿದ್ದರು — 'ನಾನು ಎಲ್ಲರಿಗೂ ಭಾರ' ಎಂದು ಮನಸ್ಸು ಹೇಳಿದಾಗ ಹಾಗೇ ನಂಬಬೇಡ, ಸಾಕ್ಷಿ ಕೇಳು, ಇನ್ನೊಂದು ಬಗೆಯಲ್ಲೂ ನೋಡು. ನಾನು ನಕ್ಕಿದ್ದೆ. ಪಾಸಿಟಿವ್ ಥಿಂಕಿಂಗ್ ಎಂದರೆ ಬಣ್ಣ ಹಚ್ಚಿದ ಸುಳ್ಳು ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಹೊಡೆದವನಲ್ಲವೇ. ನಿನ್ನ ಮೇಡಂ ಹೇಳಿದ್ದು ಅದಲ್ಲ ಎಂದು ಕೇಳಿಸಿಕೊಳ್ಳುವ ತಾಳ್ಮೆ ನನಗೆಲ್ಲಿ —

ಆದರೂ ನನ್ನನ್ನೇ ಕರೆದೆ. ಬನಶಂಕರಿಯ ನಮ್ಮ ಮನೆಯ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತ, "ಲೋ ಡಿಬೇಟ್ ಮಹಾರಾಜ, ನನ್ನ ಮನಸ್ಸಿನ ಪರವಾಗಿ ನೀನು ಮಾತಾಡು. ನಾನು ವಿರುದ್ಧ. ಸ್ವಲ್ಪ ಸುಲಭವಾಗಿ ಸೋಲು, ಆಯ್ತಾ?" ಎಂದೆ.

ನಮ್ಮ ಚರ್ಚಾತಂಡದ ರೂಢಿಯೇ ಬೇರೆ. ನಂಬದ ಪಕ್ಷವನ್ನೂ ಪೂರ್ತಿ ನಂಬಿದವರ ಹಾಗೆ ವಾದಿಸಬೇಕು. ಅಭ್ಯಾಸದಲ್ಲೂ ಎದುರಾಳಿಗೆ ಬಿಟ್ಟುಕೊಡಬಾರದು. ನೀನು ಚೆನ್ನಾಗಿಯೇ ಶುರುಮಾಡಿದೆ. ಅಪ್ಪ ಈಗಲೂ ಎಲ್ಲದಕ್ಕೂ ನಿನ್ನನ್ನೇ ಕೇಳುತ್ತಾರೆ, ನಿನ್ನ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡುತ್ತಾರೆ... ನಾನು ಸೋಲುತ್ತಿದ್ದೆ. ಸೋಲಬೇಕಿತ್ತು — ಅದಕ್ಕೇ ತಾನೆ ಕೂರಿಸಿದ್ದು. ಆದರೆ ಹೇಳಿಬಿಟ್ಟೆ:

"ನಿನ್ನ ಮುಂದೆ ಅಮ್ಮ ನಗ್ತಾಳೆ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ಇದಕ್ಕೇನಂತೀಯ?"

ನಿನ್ನ ಕೈಯಲ್ಲಿ ಅರ್ಧ ಮಡಚಿದ ಅಮ್ಮನ ಸೀರೆಯಿತ್ತು. "ಸರಿ ಕಣೋ, ನೀನೇ ಗೆದ್ದೆ" ಎಂದು ಕೆಳಗಿಳಿದು ಹೋದೆ. ಆಮೇಲೆ ಜಯನಗರಕ್ಕೆ ಹೋಗಲೇ ಇಲ್ಲ.

ಅಮ್ಮ ಅಳುತ್ತಿದ್ದದ್ದು ನಿಜ. ಆದರೆ ಅದರಿಂದ 'ನೀನು ಭಾರ' ಎಂಬ ತೀರ್ಮಾನ ಹುಟ್ಟುವುದಿಲ್ಲ. ಮಗಳು ನರಳುವುದನ್ನು ನೋಡಲಾಗದೆಯೂ ತಾಯಿ ಅಳುತ್ತಾಳೆ — ಮೇಡಂ ಹೇಳಿದ ಇನ್ನೊಂದು ಬಗೆ ಅಂಥದ್ದೇ. ಆ ಉತ್ತರ ಆಗಲೇ ನನ್ನ ನಾಲಿಗೆಯ ತುದಿಯಲ್ಲಿತ್ತು, ಅಕ್ಕ. ನಿನಗೆ ಹೊಳೆಯುತ್ತದೋ ನೋಡೋಣವೆಂದು — ಇಲ್ಲ, ಹೊಳೆಯದಿರಲಿ ಎಂದೇ ಸುಮ್ಮನಿದ್ದೆ.

ಈಗ ನನಗೆ ಯಾವ ವಾದವೂ ಬೇಡವಾಗಿದೆ. ನೀನಂತೂ ಯಾವುದಕ್ಕೂ ಎದುರು ಹೇಳುವುದಿಲ್ಲ. ಉಪ್ಪಿಟ್ಟು ಸಾಕಾ ಎಂದರೆ ಸಾಕು, ಬೇಕಾ ಎಂದರೆ ಬೇಕು. ಅದನ್ನು ನೋಡುತ್ತ ಎದುರು ಕೂತು ತಿನ್ನುವುದು...

ಇವತ್ತು ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಅವಳಿಗೆ ಹೇಳು, ಹೋಗು" ಎಂದಳು, ಅಷ್ಟೇ. ಎದುರು ನಿಂತು ಹೇಳಲು ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

ಮೇಡಂ ಈಗಲೂ ಅಲ್ಲೇ ಇದ್ದಾರೆ, ವಿಚಾರಿಸಿದೆ. ಹೋಗುವುದು ಬಿಡುವುದು ನಿನ್ನಿಷ್ಟ. ಹೋಗುವುದಾದರೆ ಸ್ಕೂಟರಿನಲ್ಲಿ ಬಿಡುತ್ತೇನೆ. ನನ್ನ ಜೊತೆ ಬೇಡವೆನಿಸಿದರೆ ಅಮ್ಮ ಬರುತ್ತಾಳೆ. ಒಳಗೆ ಕೂತು ನನ್ನ ಬಗ್ಗೆ ಏನೇನು ಹೇಳಬೇಕೆನಿಸುತ್ತದೋ, ಅದನ್ನೆಲ್ಲ ಹೇಳು.