ಬೀಗ ಹಾಕಿದ ಮನೆಯ ಮುಂದೆ ಪಾಸಾದದ್ದು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಮೊನ್ನೆ ಸಂಜೆ ಕೆಳಗಿಳಿದು ಬಂದಾಗ ನಾನು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಕೂತಿದ್ದೆ. ಒಳ್ಳೆ ಸೊಗಡಿನ ಕಾಯಿ. ಬಿಡಿಸಿದಷ್ಟೂ ಬೆರಳಿಗೆ ಜಿಡ್ಡು ಹತ್ತಿ ಮನೆಯೆಲ್ಲ ಅದರದೇ ವಾಸನೆ. ಹುಡುಗಿ ಎದುರಿಗೆ ಕೂತು ಒಂದೆರಡು ಕಾಯಿ ಸುಲಿದಳು, ಮುಂದಿನದರಲ್ಲಿ ಹುಳ ಕಂಡು ಕೈಬಿಟ್ಟಳು, ಆಮೇಲೆ ಫೋನ್ ತೆಗೆದಳು.

"ಆಂಟಿ, ಸೋಷಿಯಲ್ ವರ್ಕರ್ ಆಗಬೇಕಾದರೆ ಏನೇನು ಬೇಕು ಅಂತ ಇಲ್ಲಿ ಹಾಕಿದ್ದಾರೆ. ಓದ್ತೀನಿ, ಸರೀನಾ ಹೇಳಿ."

ಓದಿದಳು. ಪದವಿ ಆಗಿರಬೇಕು. ಮೇಲ್ವಿಚಾರಕರ ಕೈಕೆಳಗೆ ಕ್ಷೇತ್ರಕಾರ್ಯ ಮಾಡಿರಬೇಕು. ಪರೀಕ್ಷೆ ಪಾಸಾಗಬೇಕು. ನಡತೆಯ ನಿಯಮಗಳಿಗೆ ಒಪ್ಪಿಗೆ ಕೊಡಬೇಕು. "ಇಷ್ಟೇನಾ?" ಎಂದಳು. ಇಷ್ಟೇ ಎಂದೆ. ಹೇಳಿದ ಮೇಲೆ ಯಾಕೋ ಸುಳ್ಳು ಹೇಳಿದ ಹಾಗಾಯಿತು. ನಾನೂ ಈ ಬಾಗಿಲುಗಳನ್ನೆಲ್ಲ ದಾಟಿ ಬಂದವಳೇ. ಆದರೆ ದಾಟಿದ್ದು ಹೇಗೆ ಅನ್ನುವುದು ಅವಳ ಫೋನಿನಲ್ಲಿ ಇರಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ನಂಜನಗೂಡಿನಲ್ಲಿ, ದೇವಸ್ಥಾನಕ್ಕೆ ಹತ್ತಿರ. ಬಿ.ಎ. ಮುಗಿಸಿ ಮೈಸೂರಿನಲ್ಲಿ ಸಮಾಜಕಾರ್ಯದ ಎಂ.ಎ.ಗೆ ಸೇರಿದ್ದೆ. ಬೆಳಿಗ್ಗೆ ರೈಲು, ತಾಂಡವಪುರ ದಾಟುವ ಹೊತ್ತಿಗೆ ಕೂರಲು ಜಾಗ, ಸಂಜೆ ಅದೇ ರೈಲಿನಲ್ಲಿ ವಾಪಸ್ಸು. ಏನು ಓದುತ್ತಿದ್ದೇನೆ ಅನ್ನುವುದನ್ನು ಮನೆಯಲ್ಲಿ ವಿವರಿಸುವುದೇ ಒಂದು ಪರೀಕ್ಷೆಯಾಗಿತ್ತು. ಜನರ ಮನೆಗೆ ಹೋಗಬೇಕು, ಅವರ ಕಷ್ಟ ಕೇಳಬೇಕು, ದಾರಿ ಹುಡುಕೋಕೆ ಜೊತೆಗಿರಬೇಕು ಎಂದು ನಾನು ಹೇಳುತ್ತಿದ್ದರೆ ಅಜ್ಜಿ ಹೂಬತ್ತಿ ಹೊಸೆಯುತ್ತ ಕೇಳಿಸಿಕೊಂಡು, "ಅಲ್ವೇ, ಕಂಡೋರ ಮನೇಗೆ ಹೋಗಿ ಕಷ್ಟ ಸುಖ ಮಾತಾಡೋದನ್ನ ನಮ್ಮ ಬೀದಿ ಹೆಂಗಸರೆಲ್ಲ ದಿನಾ ಮಾಡ್ತಾರಲ್ಲೇ. ಅವರಿಗೆಲ್ಲ ಯಾವ ಕಾಲೇಜು ಪಾಸ್ ಕೊಡ್ತು?" ಎಂದಳು. ಅದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಪೇಪರುಗಳಲ್ಲಿ ಪಾಸಾಗುವುದು ನನಗೆ ಕಷ್ಟವಲ್ಲ. ಬಾಯಿಪಾಠ ಮಾಡುವುದು ನಮ್ಮ ವಂಶದ ಕಸುಬು. ತೊಡಕಿದ್ದದ್ದು ಕ್ಷೇತ್ರಕಾರ್ಯದಲ್ಲಿ. ವಾರದಲ್ಲಿ ಎರಡು ದಿನ ಊರೊಂದಕ್ಕೆ ಹೋಗಿ ಕೆಲಸ ಮಾಡಬೇಕು, ಮಾಡಿದ್ದನ್ನು ಮೇಲ್ವಿಚಾರಕರ ಎದುರು ಕೂತು ಒಪ್ಪಿಸಬೇಕು. ಅವರು ಒಪ್ಪದಿದ್ದರೆ ಉಳಿದ ಪೇಪರುಗಳಲ್ಲಿ ಏನೇ ಬಂದಿರಲಿ, ಇಡೀ ವರ್ಷ ಮತ್ತೆ ಮಾಡಬೇಕು. ಮತ್ತೊಂದು ವರ್ಷಕ್ಕೆ ನಮ್ಮಪ್ಪ ತಯಾರಿರಲಿಲ್ಲ. "ಒಂದು ಸಲ ಅಂತ ಒಪ್ಪಿದೀನಿ" ಎಂದು ಮೊದಲೇ ಹೇಳಿದ್ದರು. ಅಪ್ಪ ಹೆಚ್ಚು ಮಾತಿನವರಲ್ಲ. ಆಡಿದ ಮಾತನ್ನು ತಿರುಗಿಸುವವರೂ ಅಲ್ಲ.

ನನಗೆ ಸಿಕ್ಕ ಮೇಲ್ವಿಚಾರಕಿ ಸುಶೀಲಾ ಮೇಡಂ. ಕಾಟನ್ ಸೀರೆ, ಕೈಯಲ್ಲಿ ಗಂಡಸರ ದೊಡ್ಡ ಗಡಿಯಾರ, ಮಾತು ಕಡಿಮೆ. ಅವರು ನನ್ನನ್ನು ಹಾಕಿದ್ದು ತಿರುಮಕೂಡಲು ನರಸೀಪುರದ ಹತ್ತಿರದ ಒಂದು ಹಳ್ಳಿಗೆ. ನಂಜನಗೂಡಿನಿಂದ ಬಸ್ಸು ಹತ್ತಿ ನರಸೀಪುರದಲ್ಲಿ ಇಳಿದು, ಮುಡುಕುತೊರೆಯ ಕಡೆ ಹೋಗುವ ರಸ್ತೆಯಲ್ಲಿ ಗದ್ದೆ ಬದಿಗೆ ನಡೆದರೆ ಆ ಹಳ್ಳಿ.

ಮೊದಲ ದಿನ ನಾನು ಬೀದಿಗೆ ಕಾಲಿಟ್ಟದ್ದೇ ತಡ, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹೆಗಲಲ್ಲಿ ಚೀಲ, ಕೈಯಲ್ಲಿ ಛತ್ರಿ, ಮುಖದಲ್ಲಿ ಅತಿ ವಿನಯದ ನಗು. ಆ ಕಾಲದಲ್ಲಿ ಹೀಗೆ ಬರುವವರು ಮಕ್ಕಳಾಗದ ಆಪರೇಷನ್ನಿಗೆ ಜನ ಹಿಡಿಯುವವರೇ ಎಂದು ಹಳ್ಳಿಗೆ ಚೆನ್ನಾಗಿ ಗೊತ್ತಿತ್ತು. "ಆಪರೇಸನ್‌ನೋರು ಬಂದವ್ರೆ ಕಣ್ರಲಾ!" ಎಂದು ಯಾರೋ ಕೂಗಿದರು. ಗಂಡಸರು ಗದ್ದೆಯ ಕಡೆ ನಡೆದೇಬಿಟ್ಟರು. ಆಡುತ್ತಿದ್ದ ಮಕ್ಕಳು ಕೂಡ ದೊಡ್ಡವರನ್ನು ನೋಡಿ ಚೆಲ್ಲಾಪಿಲ್ಲಿಯಾಗಿ ಓಡಿದವು.

ಒಂದು ಮಗು ಮಾತ್ರ ಓಡಲಿಲ್ಲ. ಜಗಲಿಯ ಮೇಲೆ ಕೂತೇ ಇತ್ತು. ಅಷ್ಟೊಂದು ಧೈರ್ಯವೇ ಎಂದು ಸಂತೋಷದಿಂದ ಹತ್ತಿರ ಹೋದೆ. ಲಂಗದ ಕೆಳಗೆ ಒಂದು ಕಾಲು ಕಡ್ಡಿಯ ಹಾಗೆ ಸಣ್ಣಗಿತ್ತು. ನನ್ನನ್ನೇ ನೋಡುತ್ತ ಮಗು ಕೈಯೂರಿ ಹಿಂದಕ್ಕೆ ಸರಿಯಲು ನೋಡಿತು. ಒಳಗಿನಿಂದ ತಾಯಿ ಓಡಿ ಬಂದು ಎತ್ತಿಕೊಂಡಳು. ಹಾಗಾಗಿ ಆ ಬೀದಿಯಲ್ಲಿ ನನಗೆ ತೆರೆದದ್ದು ಅದೊಂದೇ ಬಾಗಿಲು. ಮಗುವಿನ ಹೆಸರು ಮಾದೇವಿ, ಶಾಲೆಗೆ ಸೇರುವ ವಯಸ್ಸು. ತಾಯಿ ಸಣ್ಣತಾಯಮ್ಮ, ಗದ್ದೆ ಕೂಲಿಗೆ ಹೋಗುವವಳು.

"ಎಲ್ಡು ವರ್ಸದ ಮಗ ಆಗಿದ್ದಾಗ ಜರ ಬಂತು ಅಮ್ಮಾವ್ರೇ. ಜರ ಓಯ್ತು, ಕಾಲು ಮಾತ್ರ ಏಳ್ನಿಲ್ಲ" ಎಂದಳು; ಅವರಲ್ಲಿ ಹೆಣ್ಣು ಕೂಸಿಗೂ "ಮಗ" ಎಂದೇ ಅನ್ನುವುದು. "ದೇವ್ರು ಮಾಡ್ದಂಗಾಯ್ತದೆ" ಎಂದು ತಾನೇ ಸೇರಿಸಿದಳು. ಹಾಗನ್ನುವಾಗ ಮಗುವಿನ ಪಾದವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಳು.

ಅಲ್ಲಿಂದ ನನ್ನ ಉತ್ಸಾಹ ಶುರುವಾಯಿತು. ಮೈಸೂರಿನ ಆಸ್ಪತ್ರೆಗೆ ತಾಯಿ ಮಗಳನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಸೀಟು ಹಿಡಿದವಳು ನಾನು, ಚೀಟಿ ಮಾಡಿಸಿದವಳು ನಾನು, ಕ್ಯೂ ನಿಂತವಳು ನಾನು. ಡಾಕ್ಟರು "ಜ್ವರ ಯಾವಾಗ ಬಂದಿತ್ತಮ್ಮ?" ಎಂದು ಸಣ್ಣತಾಯಮ್ಮನನ್ನು ಕೇಳಿದರೆ, ಅವಳು ಬಾಯಿ ತೆರೆಯುವಷ್ಟರಲ್ಲಿ "ಎರಡು ವರ್ಷದಲ್ಲಿ ಸರ್" ಎಂದವಳೂ ನಾನೇ. ಪೋಲಿಯೋ ಎಂದರು. ಎರಡು ಪಕ್ಕ ಕಬ್ಬಿಣದ ಸರಳು, ಚರ್ಮದ ಪಟ್ಟಿ, ಕೆಳಗೆ ಬೂಟು ಇರುವ ಕ್ಯಾಲಿಪರ್ ಹಾಕಿದರೆ ನಿಲ್ಲುತ್ತಾಳೆ, ಅಭ್ಯಾಸವಾದರೆ ನಡೆಯುತ್ತಾಳೆ ಎಂದರು. ಮತ್ತೊಂದು ಸಲ ಹೋಗಿ ಅಳತೆ ಕೊಟ್ಟೆವು. ಸಣ್ಣತಾಯಮ್ಮ ನನ್ನ ಹಿಂದೆಯೇ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಸೆರಗು ಹಲ್ಲಲ್ಲಿ ಕಚ್ಚಿಕೊಂಡು ನಡೆಯುತ್ತಿದ್ದಳು. ನಾನು ನಿಂತರೆ ನಿಲ್ಲುತ್ತಿದ್ದಳು.

ಇಷ್ಟನ್ನೂ ಸುಶೀಲಾ ಮೇಡಂ ಎದುರು ಒಪ್ಪಿಸುವಾಗ ನನ್ನ ದನಿ ಎಷ್ಟು ಉಬ್ಬಿತ್ತೋ! ಅವರು ಕೊನೆಯ ತನಕ ಕೇಳಿದರು.

"ನೀನು ಮಾಡಿದ್ದು ಗೊತ್ತಾಯ್ತು. ಅವರೇನು ಮಾಡಿದರು?"

"ಅವರು... ಜೊತೆಗೆ ಬಂದರು ಮೇಡಂ."

"ಮುಂದಿನ ತಿಂಗಳು ನಿನ್ನ ಕ್ಷೇತ್ರಕಾರ್ಯ ಮುಗಿಯುತ್ತೆ. ಆಮೇಲೆ ಆ ಬೂಟು ಸವೆಯುತ್ತೆ, ಪಟ್ಟಿ ಕಿತ್ತುಹೋಗುತ್ತೆ, ಮಗು ಬೆಳೆಯುತ್ತೆ. ಆಗ ಯಾರು ಕರಕೊಂಡು ಹೋಗ್ತಾರೆ?"

ನಾನು ಬರ್ತೀನಿ ಎಂದೆ. ಆಗ ಅವರಿಗೆ ನಿಜವಾಗಿ ಕೋಪ ಬಂತು. ದನಿ ಏರಿಸಲಿಲ್ಲ, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ನೀನು ಇನ್ನೂ ಕೆಲಸ ಕಲಿತಿಲ್ಲ. ಬೂಟು ಹಾಕಿಸೋಕೆ ಅವಳೊಬ್ಬಳೇ ಹೋಗಿ ಬರಲಿ. ಆಮೇಲೆ ನಿನ್ನ ಪಾಸಿನ ಮಾತು."

ಆ ವಾರ ಹಳ್ಳಿಗೆ ಹೋಗುವಾಗ ಕಾಲು ಭಾರವಾಗಿತ್ತು. ವಿಷಯ ಹೇಳಿದಾಗ ಸಣ್ಣತಾಯಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನಮ್ ಮ್ಯಾಲೆ ಬ್ಯಾಸರ ಆಯ್ತಾ ಅಮ್ಮಾವ್ರೇ?"

"ಇಲ್ಲ, ಬೇಸರ ಅಲ್ಲ ಸಣ್ಣತಾಯಮ್ಮ..."

"ಮತ್ಯಾಕೆ? ನಂಗೆ ಬಸ್ ಬೋರ್ಡು ಓದಾಕೆ ಬರಾಕಿಲ್ಲ. ಆ ಡಾಕುಟ್ರು ಏನಂತಾರೋ ನಂಗೆ ತಿಳ್ಯಾಕಿಲ್ಲ. ನಾನೊಬ್ಳೇ ಎಂಗೋಗ್ಲಿ?"

ತಿಳಿಯದಿದ್ದರೆ ಮತ್ತೆ ಕೇಳಿ, ತಿಳಿಯೋವರೆಗೂ ಕೇಳಿ ಎಂದೆ. ಬಸ್ಸಿಳಿದ ಮೇಲೆ ಯಾವ ಕಡೆ ತಿರುಗಬೇಕು, ಚೀಟಿಯ ಕಿಟಕಿ ಯಾವುದು ಎಂದು ಜಗಲಿಯ ಮೇಲೆ ರಾಗಿ ಕಾಳಿನಲ್ಲೇ ದಾರಿ ಮಾಡಿ ತೋರಿಸಿದೆ. ಅವಳು ನೋಡಲೂ ಇಲ್ಲ. ಮಾದೇವಿ ಮಾತ್ರ ಬಗ್ಗಿ ಆ ದಾರಿಯ ಮೇಲೆ ಬೆರಳಾಡಿಸುತ್ತಿದ್ದಳು. ಹೊರಡುವಾಗ "ಹೋಗ್ತೀರಲ್ಲ?" ಎಂದು ಕೇಳಿದೆ. ಸಣ್ಣತಾಯಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ನಾಲ್ಕು ಹೆಜ್ಜೆ ನಡೆದು ನಿಂತೆ. ವಾಪಸ್ಸು ಹೋಗಿ, ಬಿಡಿ, ನಾನೇ ಬರ್ತೀನಿ ಎಂದುಬಿಟ್ಟರೆ? ಪಾಸಾಗದಿದ್ದರೆ ಹೋಗಲಿ ಅಂದುಕೊಂಡೆ. ಆದರೆ ಹಿಂದಕ್ಕೆ ಹೋಗಲಿಲ್ಲ. ಧೈರ್ಯದಿಂದಲ್ಲ, ಸುಶೀಲಾ ಮೇಡಂ ಭಯದಿಂದ.

ಬೂಟು ಹಾಕಿಸುವ ದಿನ ಮನೆಯಲ್ಲೇ ಇರಬೇಕೆಂದು ಮೇಡಂ ಅಪ್ಪಣೆಯಾಗಿತ್ತು. ಬೆಳಿಗ್ಗೆಯೆಲ್ಲ ಇದ್ದೆ. ಇದ್ದೆ ಎಂದರೆ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಊಟವಾದ ಮೇಲೆ ತಡೆಯಲಾಗಲಿಲ್ಲ. ಗೆಳತಿಯ ಮನೆ ಎಂದು ಹೇಳಿ ನರಸೀಪುರದ ಬಸ್ಸು ಹತ್ತಿದೆ. ಹೋಗಿಲ್ಲದಿದ್ದರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಯೋಚನೆ. ಹೋಗಿದ್ದು ಎಲ್ಲಾದರೂ ದಾರಿ ತಪ್ಪಿದ್ದರೆ ಎಂಬುದು ಅದಕ್ಕಿಂತ ದೊಡ್ಡ ಯೋಚನೆ.

ಹಳ್ಳಿಯಲ್ಲಿ ಆ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಮುದುಕಿ ಎಲೆಯಡಿಕೆ ಜಗಿಯುತ್ತ, "ಒತ್ತಾರೆ ಬಸ್ಗೇ ಓದ್ಲು ಕಣವ್ವ, ಮೈಸೂರ್ಗೆ" ಎಂದಳು.

"ಜೊತೆಗೆ ಯಾರು?"

"ಯಾರೂ ಇಲ್ಲ. ಮಗ ಎತ್ಕಂಡು ಒಬ್ಳೇ ಓದ್ಲು."

ಬೀಗ ಹಾಕಿದ ಬಾಗಿಲನ್ನು ನೋಡಿ ಅಷ್ಟು ಸಂತೋಷಪಟ್ಟವರು ಕಡಿಮೆ. ಆದರೆ ಅದು ಅರ್ಧ ಸಂತೋಷ. ಅವರು ಮರಳಬೇಕಿತ್ತಲ್ಲ. ನರಸೀಪುರದ ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಮೈಸೂರಿನ ಬಸ್ಸೊಂದು ಬಂತು, ಅದರಲ್ಲಿ ಇರಲಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಕಡಲೆಕಾಯಿ ಮಾರುವವನು ನನ್ನನ್ನು ನೋಡಿ ನೋಡಿ ಸಾಕಾಗಿ, "ಯಾರ್ಗೆ ಕಾಯ್ತಿದ್ದೀರಿ ಅಮ್ಮಾ?" ಎಂದು ಕೇಳಿದ. ಬಿಸಿಲು ಇಳಿಯಿತು. ಹೊಳೆಯ ಕಡೆಯಿಂದ ಗಾಳಿ ಬೀಸತೊಡಗಿತು. ನನ್ನ ನಂಜನಗೂಡಿನ ಬಸ್ಸು ಎದುರಿಗೇ ಹೊರಟುಹೋಯಿತು. ಮಗು ಬಿದ್ದಿರಬಹುದು, ಆಸ್ಪತ್ರೆಯಲ್ಲಿ ಗದರಿರಬಹುದು, ಅವಳು ಎಲ್ಲೋ ಗೋಡೆಗೆ ಒರಗಿ ಅಳುತ್ತಿರಬಹುದು. ಇದೆಲ್ಲ ನನ್ನ ಒಂದು ಸರ್ಟಿಫಿಕೇಟಿಗಾಗಿ ಎಂದು ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಮತ್ತೊಂದು ಬಸ್ಸು ಬಂದು ನಿಂತಿತು. ಜನ ಇಳಿದರು. ಕೊನೆಗೆ ಮೆಟ್ಟಿಲ ಮೇಲೆ ಒಂದು ಕರಿ ಬೂಟು ಕಾಣಿಸಿತು. ಹಿಂದಿನಿಂದ ಸಣ್ಣತಾಯಮ್ಮನ ದನಿ: "ಕಂಬಿ ಇಡ್ಕ. ಆತ್ರ ಬ್ಯಾಡ. ಆ ಕಾಲು ಮೊದ್ಲು ಇಡು." ಮಾದೇವಿ ಎರಡೂ ಕೈಯಲ್ಲಿ ಕಂಬಿ ಹಿಡಿದು, ತುಟಿ ಕಚ್ಚಿ, ಕಬ್ಬಿಣದ ಕಾಲನ್ನು ಟಣ್ಣೆಂದು ಕೆಳಗಿನ ಮೆಟ್ಟಿಲಿಗೆ ಇಟ್ಟಳು. ಕಂಡಕ್ಟರ್ "ಬೇಗ ಇಳೀರಮ್ಮ" ಎಂದ. "ಇಳೀತದೆ ತಡೀರಿ ಸಾ. ಮಗ ಇವತ್ತೇ ನಿಂತಿರಾದು" ಎಂದಳು ಸಣ್ಣತಾಯಮ್ಮ. ಕಂಡಕ್ಟರ್ ಸೀಟಿ ಬಾಯಿಂದ ತೆಗೆದು ಕಾದ. ಮಗು ನೆಲಕ್ಕೆ ಬಂತು. ನಿಂತಿತು.

ಅವರ ಹಿಂದೆ ಇನ್ನೊಬ್ಬ ಹೆಂಗಸು ಇಳಿದಳು, ಬಸ್ಸಿನಲ್ಲಿ ಪರಿಚಯವಾದವಳಿರಬೇಕು. ಅವಳ ಸೊಂಟದಲ್ಲೊಂದು ಕೂಸು, ಅದರ ಕಾಲೂ ಜೋತಾಡುತ್ತಿತ್ತು. ಸಣ್ಣತಾಯಮ್ಮ ಅವಳಿಗೆ ಕೈಯಾಡಿಸಿ ಹೇಳುತ್ತಿದ್ದಳು: "ಮೊದ್ಲು ಚೀಟಿ ಕಿಟಕಿ. ಅಲ್ಲಿ ನೂಕ್ತಾರೆ, ನೀನು ಜಾಗ ಬುಡ್ಬ್ಯಾಡ. ಬರೋ ಸೋಮಾರ ನಾನೂ ಬತ್ತೀನಿ, ತೋರುಸ್ತೀನಿ." ಆಮೇಲೆ ತಿರುಗಿ ನನ್ನನ್ನು ಕಂಡಳು. ಕಣ್ಣರಳಿಸಿದಳು.

"ಅಯ್ಯೋ, ನೀವ್ಯಾಕ್ ಬಂದ್ರಿ ಅಮ್ಮಾವ್ರೇ?"

ಯಾಕೆಂದು ಹೇಳಲು ಅವಳು ಬಿಡಲಿಲ್ಲ. ಬೂಟಿನ ಪಟ್ಟಿ ಬಿಗಿಯಾಗಿತ್ತಂತೆ, ಆಸ್ಪತ್ರೆಯವರು ಸರಿಯಾಗಿದೆ ಹೋಗಮ್ಮ ಎಂದರಂತೆ. "ಮಗ ಅಳ್ತಾ ಅದೆ, ಸರ್ಯಾಗದೆ ಅಂದ್ರೆ ಎಂಗೆ ಸಾ ಅಂದೆ. ಬಿಚ್ಚಿ ಇನ್ನೊಂದು ತೂತು ಆಕುಸ್ದೆ. ಅದ್ಕೇ ಒತ್ತಾಯ್ತು." ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಆ ಮುಖದಲ್ಲಿ ಆ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಾಗೆ ನಗುವುದಕ್ಕೆ ನಾನು ಅವಳಿಗೆ ಅವಕಾಶವನ್ನಾದರೂ ಎಲ್ಲಿ ಕೊಟ್ಟಿದ್ದೆ, ಯಾವಾಗಲೂ ಮುಂದೆ ನಡೆಯುತ್ತಿದ್ದವಳು ನಾನೇ.

ಕೊನೆಯ ಬಸ್ಸಿನಲ್ಲಿ ನಂಜನಗೂಡಿಗೆ ಬರುವಾಗ ಕಿಟಕಿಗೆ ತಲೆಯಾನಿಸಿ ಕೂತೆ. ಮೈಯೆಲ್ಲ ಹಗುರ. ಹೆಗಲ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗೆ ಅನ್ನಬಹುದಿತ್ತು. ಆದರೆ ಆ ಮೂಟೆ ಮೊದಲಿನಿಂದಲೂ ಅವಳದೇ, ಹೊರುವ ಬಲವೂ ಅವಳಿಗಿತ್ತು, ನಾನು ಸುಮ್ಮನೆ ಕಿತ್ತುಕೊಂಡಿದ್ದೆ.

ಮೇಡಂಗೆ ಎಲ್ಲ ಹೇಳಿದೆ, ಬಸ್ ಸ್ಟ್ಯಾಂಡಿಗೆ ಹೋದದ್ದನ್ನೂ. "ಮನೇಲಿರು ಅಂದಿದ್ದೆನಲ್ಲ?" ಎಂದರು. ತಲೆತಗ್ಗಿಸಿದೆ. ಮತ್ತೆ ತಲೆಯೆತ್ತಿ ನೋಡಿದರೆ ಅವರು ನಗುತ್ತಿದ್ದರು. "ನನ್ನ ಮೊದಲ ಕೇಸಿನಲ್ಲಿ ನಾನು ಬಸ್ಸಿನಲ್ಲೇ ಹಿಂದಿನ ಸೀಟಲ್ಲಿ ಕೂತು ಹೋಗಿದ್ದೆ" ಎಂದರು. ಪಾಸಾಯಿತು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲೇ ಇಲ್ಲ. ಕಾಫಿ ತರಿಸಿದರು.

ಅಪ್ಪ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ, ದೇವರ ಮುಂದೆ ಇಟ್ಟರು. ಮುಂದೆ ಎಂಬತ್ತರ ದಶಕವೆಲ್ಲ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕಾರ್ಮಿಕರ ಕಲ್ಯಾಣಾಧಿಕಾರಿಯಾಗಿ ಕೆಲಸ ಮಾಡಿದೆ. ಒಮ್ಮೆ ಯಾವುದೋ ಮದುವೆಗೆಂದು ಬಸ್ಸಿನಲ್ಲಿ ಆ ಹಳ್ಳಿಯ ಮುಂದೆ ಹಾದು ಹೋಗುವಾಗ ಎದ್ದು ನಿಂತೆ. ಇಳಿದುಬಿಡೋಣ, ಮಾದೇವಿ ಎಷ್ಟೆತ್ತರ ಆಗಿದ್ದಾಳೆ ನೋಡೋಣ ಎಂದು. ಬಸ್ಸು ನಿಧಾನಿಸಿತು ಕೂಡ. ಯಾಕೋ ಮತ್ತೆ ಕೂತುಬಿಟ್ಟೆ. ಹಾಗೆ ಕೂತದ್ದು ತಪ್ಪಾಯಿತೇನೋ ಎಂದು ವರ್ಷಗಟ್ಟಲೆ ಆಗಾಗ ಕೊರಗಿದ್ದೂ ಉಂಟು.

ಇಷ್ಟು ಹೇಳಿ ನಿಲ್ಲಿಸಿದಾಗ ಮಹಡಿಯ ಹುಡುಗಿ ಫೋನ್ ಮರೆತು ಕೂತಿದ್ದಳು. "ಆಮೇಲೆ ಮಾದೇವಿ ಏನಾದಳು ಆಂಟಿ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಎಂದೆ. "ಬೂಟು ಎಷ್ಟು ಸಲ ಸವೆದಿರುತ್ತೋ, ಅವರು ಮತ್ತೆ ಯಾವತ್ತೂ ನನ್ನನ್ನ ಹುಡುಕಿಕೊಂಡು ಬರಲಿಲ್ಲ."

ಅವಳ ಮುಖ ಸಪ್ಪಗಾಯಿತು. ನನಗೆ ಮಾತ್ರ, ಆ ಮಾತು ನನ್ನ ಬಾಯಿಂದಲೇ ಕೇಳಿಸಿಕೊಂಡ ಮೇಲೆ, ಇಷ್ಟು ವರ್ಷದ ಕೊರಗು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಬರಲಿಲ್ಲವಲ್ಲ, ಸದ್ಯ!